ಒಡ್ಡಿನ ಮೇಲೆ ನಿಂತ ಯಂತ್ರ

ಗುಡ್ಡ ಕುಸಿದು ಕಮರಿಗೆ ಅಡ್ಡ ಬಿದ್ದು ಹೊಳೆಯನ್ನು ಕಟ್ಟಿಹಾಕಿತ್ತು. ಮಣ್ಣು, ಬಂಡೆಗಳ ಆ ಒಡ್ಡಿನ ಹಿಂದೆ ನೀರು ಏರುತ್ತಲೇ ಇತ್ತು. ಮೇಲಿನ ಘಾಟಿಯಲ್ಲಿ ರಸ್ತೆ ಕೆಲಸಕ್ಕಿದ್ದ ಎಕ್ಸ್‌ಕವೇಟರ್ ಇಳಿದು ಬಂದು, ಬದಿಯಲ್ಲಿ ಕಾಲುವೆ ತೋಡಲು ಶುರುಮಾಡಿ, ಅರ್ಧದಲ್ಲೇ ಶಕ್ತಿ ಕಳೆದುಕೊಂಡು ನಿಂತಿತ್ತು. ನೀರು ಒಡ್ಡಿನ ತಲೆ ದಾಟಿದರೆ ಒಡ್ಡು ಒಡೆಯುತ್ತದೆ. ಒಡೆದರೆ ಕೆಳಗಿನ ತಿಜ್ಗಿ ಹಳ್ಳಿಯ ಮನೆಗಳಾಗಲೀ ಅಕ್ರೋಟು ಮರಗಳಾಗಲೀ ಉಳಿಯುವುದಿಲ್ಲ. ಊರಿನವರು ಕುರಿಗಳ ಸಮೇತ ಗುಡ್ಡ ಹತ್ತಿ ಕೂತಿದ್ದರು.

ಯಂತ್ರದ ಪರದೆಯ ಮೇಲೆ ದೋಷದ ಕೋಡ್ ಒಂದು ಮೂಡಿತ್ತು: ಯಂತ್ರದ ಕೈಗೆ ಎಣ್ಣೆ ನೂಕುವ ಎರಡು ಪಂಪುಗಳಲ್ಲಿ ಮುಂದಿನದರ ಒತ್ತಡ ಅಳೆಯುವ ಸೆನ್ಸರ್‌ನಿಂದ ಬರುವ ವೋಲ್ಟೇಜ್ ತೀರ ಕಡಿಮೆ. ಚಾಲಕ ಜಾಯಿದ್ ಅದನ್ನು ಫೋನಿನಲ್ಲಿ ತಿಳಿಸಿದ. ಪಟ್ಟಣದ ವರ್ಕ್‌ಶಾಪಿನವರು ಹೊಸ ಸೆನ್ಸರನ್ನು ಹಳದಿ ಡಬ್ಬಿಯಲ್ಲಿಟ್ಟು ಮೆಕ್ಯಾನಿಕ್ ತೂದಾಳ ಕೈಗೆ ಕೊಟ್ಟರು. ತಿಜ್ಗಿಯಿಂದ ಮುಂದೆ ರಸ್ತೆ ಇರಲಿಲ್ಲ. ಇದ್ದದ್ದು ಬಾಸ್ಸು ಎಂಬ ಮುದುಕ ಮತ್ತು ಅವನ ಹೇಸರಗತ್ತೆ.

ಹೊರಡುವ ಮೊದಲು ಬಾಸ್ಸು ಕತ್ತೆಯ ಗೊರಸುಗಳಿಗೆ ಕಪ್ಪನೆಯದೇನನ್ನೋ ಬಳಿದ. ತೂದಾ ಮೂಗು ಮುಚ್ಚಿಕೊಂಡಳು.

"ಏನ್ ಮಾವ, ಈ ಪಾಟಿ ವಾಸ್ನೆ!"

"ಕತ್ರಾನ್ ತಾಯಿ. ಜುನಿಪರ್ ಕಟ್ಟಿಗೆ ಸುಟ್ಟು ಇಳಿಸಿದ ಟಾರು. ಗೊರಸು ಬಿರಿಯಲ್ಲ, ನೀರಿನ ಚೀಲ ಸೋರಲ್ಲ, ಗಾಯ ಕೊಳೆಯಲ್ಲ. ಪಟ್ಟಣದವರ ಮೂಗಿಗೊಂದು ಆಗಲ್ಲ, ಅಷ್ಟೇ."

ಕಮರಿಯ ಕೆಂಪು ಗೋಡೆಗಳ ನಡುವೆ ಬೇಗ ತಲುಪುವ ದಾರಿಯೆಂದರೆ ಹೊಳೆಯ ಪಾತ್ರವೇ. ಅದು ಒಣಗಿ ಬಿದ್ದಿತ್ತು. ಗುಂಡಿಗಳಲ್ಲಿ ಉಳಿದ ಅಂಗೈಯಷ್ಟು ನೀರಿನಲ್ಲಿ ಮೀನುಗಳು ಬಾಲ ಬಡಿಯುತ್ತಿದ್ದವು. ಬೇಸಿಗೆಯಲ್ಲೂ ಮಾತು ಕೇಳಿಸದಷ್ಟು ಮೊರೆಯುವ ಜಾಗದಲ್ಲಿ ಈಗ ಗೊರಸಿನ ಸದ್ದೊಂದೇ. ತಮ್ಮ ತಲೆಯ ಮೇಲೆಲ್ಲೋ ಆ ನೀರೆಲ್ಲ ಕೂಡಿ ನಿಂತಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಒಂದು ತಿರುವಿನಲ್ಲಿ, ಅದುವರೆಗೆ ಒಣಗಿದ್ದ ಬಲಗಡೆಯ ಕವಲಿನಿಂದ, ಬಿಸಿಲೇರಿ ಹಿಮ ಕರಗಿದ ನೀರು ಒಮ್ಮೆಲೇ ರಭಸದಿಂದ ನುಗ್ಗಿ ಬಂತು.

"ಬಾಲ ಹಿಡ್ಕೋ, ಬಿಡಬೇಡ!" ಬಾಸ್ಸು ಕೂಗಿದ.

ನೀರು ಸೊಂಟಕ್ಕೆ ಬಂತು. ಕತ್ತೆ ಎಡವಿತು. ಹೇರು ವಾಲಿತು. ಹಗ್ಗ ಕಿತ್ತು ಚೀಲವೊಂದು ಬಾಯ್ದೆರೆಯಿತು. ಹಳದಿ ಡಬ್ಬಿ ಒಮ್ಮೆ ತೇಲಿ, ಬಂಡೆಗೆ ಬಡಿದು, ಕಣ್ಮರೆಯಾಯಿತು.

ಆಚೆ ದಡದಲ್ಲಿ ತೂದಾ ನಡುಗುತ್ತ ಕೂತಳು. ಕೋಟಿನ ಒಳಜೇಬಿನಲ್ಲಿ ವೋಲ್ಟ್ ಮೀಟರ್ ಇತ್ತು. ಸ್ಪ್ಯಾನರುಗಳು ಉಳಿದಿದ್ದವು.

"ವಾಪಸ್ ಹೋಗಿ ಇನ್ನೊಂದು ತರೋಣ್ವಾ?" ಬಾಸ್ಸು ಕೇಳಿದ.

"ಅಷ್ಟರಲ್ಲಿ ಒಡ್ಡು ಇರಲ್ಲ ಮಾವ. ನಡಿ."

ಒಡ್ಡಿನ ತುದಿಯಿಂದ ನೀರಿಗೆ ಮೊಣಕಾಲೆತ್ತರದ ಅಂತರವಷ್ಟೇ ಉಳಿದಿತ್ತು. ಜಾಯಿದ್ ಓಡಿ ಬಂದ. ಅವನ ಮನೆ ತಿಜ್ಗಿಯಲ್ಲಿ ಹೊಳೆಗೆ ತೀರ ಹತ್ತಿರದ್ದು.

"ತಂದ್ಯಾ ಅಕ್ಕ?"

"ಹೊಳೆ ಕೊಂಡೋಯ್ತು."

ಜಾಯಿದ್ ನೀರಿನ ಕಡೆ ತಿರುಗಿದ. ತೂದಾ ಪರದೆ ನೋಡಿದಳು. ಕೋಡ್ ಹೇಳುವುದು ವೋಲ್ಟೇಜ್ ಕಡಿಮೆ ಎಂದಷ್ಟೇ. ತಪ್ಪು ಸೆನ್ಸರಿನದೋ, ತಂತಿಯದೋ ಎಂದು ಅದು ಹೇಳುವುದಿಲ್ಲ. ಒತ್ತಡ ಎಷ್ಟೆಂದು ತಿಳಿಯದ ಕಂಪ್ಯೂಟರ್ ಪಂಪನ್ನು ಹಿಡಿದು ನಿಲ್ಲಿಸಿತ್ತು.

"ಹಿಂದಿನ ಪಂಪಿಗೂ ಇಂಥದ್ದೇ ಸೆನ್ಸರ್ ಇದೆ. ಎರಡನ್ನೂ ಅದಲು ಬದಲು ಮಾಡ್ತೀನಿ. ಕೋಡ್ ಹಿಂದಿನ ಪಂಪಿಗೆ ಹೋದ್ರೆ ಸೆನ್ಸರ್ ಸತ್ತಿದೆ ಅಂತ. ಹೋಗದಿದ್ರೆ ಅದು ಬದುಕಿದೆ."

ಎಂಜಿನ್ ನಿಲ್ಲಿಸಿ, ಒತ್ತಡ ಇಳಿಸಿ, ಬಿಸಿ ಎಣ್ಣೆಯಲ್ಲಿ ಕೈ ತೋಯಿಸಿಕೊಂಡು ಅವಳು ಸೆನ್ಸರುಗಳನ್ನು ಬದಲಾಯಿಸಿದಳು. ಜಾಯಿದ್ ಎಂಜಿನ್ ಶುರುಮಾಡಿದ. ಕೋಡ್ ಕದಲಲಿಲ್ಲ. ಮುಂದಿನ ಪಂಪೇ.

ಹಾಗಾದರೆ ತಂತಿ. ತಂತಿ ಸೆನ್ಸರಿಗೆ ಸೇರುವ ಪ್ಲಗ್ಗಿನ ಬೆನ್ನಿಗೆ ಮೀಟರಿನ ಸೂಜಿ ತಾಗಿಸಿದಳು: ಐದು ವೋಲ್ಟ್, ಅಲ್ಲಿಯವರೆಗೆ ಸರಿಯಾಗಿದೆ. ಒಳಗಿನ ಪಿನ್ನಿಗೆ ತಾಗಿಸಿದಳು: ಅಂಕಿ ಕುಣಿದು ಸೊನ್ನೆಗೆ ಇಳಿಯಿತು. ತೊಂದರೆ ಆ ಒಂದು ಬೆರಳಿನಷ್ಟು ಜಾಗದಲ್ಲಿತ್ತು. ಪ್ಲಗ್ಗನ್ನು ಕಣ್ಣಿನ ಹತ್ತಿರ ತಂದಳು.

ಇದುವರೆಗೆ ಬಿಸಿ ಎಣ್ಣೆಯ ಘಾಟಿನಲ್ಲಿ ಅಡಗಿದ್ದ ವಾಸನೆ ಮೊದಲು ಬಂತು. ದಾರಿಯುದ್ದಕ್ಕೂ ಕತ್ತೆಯ ಗೊರಸಿನಿಂದ ಬಂದ ಅದೇ ವಾಸನೆ.

"ಜಾಯಿದ್, ಇದಕ್ಕೆ ಕತ್ರಾನ್ ಹಚ್ಚಿದ್ಯಾ?"

"ನೀರು ಸಿಡೀತಿತ್ತು ಅಕ್ಕ. ಒಳಗೆ ಹೋಗ್ಬಾರ್ದು ಅಂತ ಬಿಚ್ಚಿ, ಒರೆಸಿ, ಚೆನ್ನಾಗಿ ಬಳಿದೆ. ಅವ್ವ ನೀರಿನ ಚೀಲಕ್ಕೆ ಬಳಿಯಲ್ವಾ, ಹಂಗೆ. ಆಮೇಲೂ ಅರ್ಧ ದಿನ ಓಡ್ತು!"

"ಓಡಿರತ್ತೆ. ಪಂಪಿನ ಬಿಸಿಗೆ ಕರಗಿ ಪಿನ್ನಿನ ಸಂದಿಗೆ ಇಳಿದಿದೆ. ನೀರನ್ನ ತಡೀತು, ಕರೆಂಟನ್ನೂ ತಡೀತು."

ತೊಳೆಯಲು ಸ್ಪಿರಿಟ್ ಬೇಕಿತ್ತು. ಬಾಸ್ಸು ಮುಜುಗರದಿಂದ ಅಂಗಿಯೊಳಗಿಂದ ಅತ್ತರಿನ ಸೀಸೆ ತೆಗೆದ. ಮದುವೆ ಮನೆಗಳಲ್ಲಿ ಅತಿಥಿಗಳ ಮೇಲೆ ಚಿಮುಕಿಸುವಂಥದ್ದು.

"ಈ ವಯಸ್ಸಲ್ಲಿ ಯಾರಿಗೋಸ್ಕರ ಮಾವ?" ಜಾಯಿದ್‌ಗೆ ಆಗಲೂ ನಗು ಬಂತು.

"ಕತ್ತೆಗೋಸ್ಕರ. ತಗೋ ತಾಯಿ, ಇದರಲ್ಲಿ ಸ್ಪಿರಿಟ್ಟೇ ಜಾಸ್ತಿ."

ಕತ್ತೆಯ ಬಾಲದ ಕೂದಲು ಕಿತ್ತು ಕಡ್ಡಿಗೆ ಕಟ್ಟಿ ತೂದಾ ಪುಟ್ಟ ಕುಂಚ ಮಾಡಿಕೊಂಡಳು. ಅತ್ತರಿನಲ್ಲಿ ಅದ್ದಿ ಒಂದೊಂದೇ ಪಿನ್ ಉಜ್ಜಿದಳು. ಹಿಂದೆ ಒಡ್ಡಿನ ಅಂಚಿನಿಂದ ಕಲ್ಲೊಂದು ಜಾರಿ ನೀರಿಗೆ ಬಿತ್ತು. ಅವಳ ಕೈ ಅವಸರಪಡಲಿಲ್ಲ. ಪಿನ್ ಒಣಗಿದ ಮೇಲೆ ಪ್ಲಗ್ ಒತ್ತಿದಳು. ಕ್ಲಿಕ್ ಎಂದಿತು.

"ಈಗ ಆ ಕತ್ರಾನ್ ಕೊಡು."

ಜಾಯಿದ್ ಕಣ್ಣರಳಿಸಿದ. ಮುಚ್ಚಿದ ಪ್ಲಗ್ಗಿಗೆ ಅವಳು ಬಟ್ಟೆ ಬಿಗಿದು ಸುತ್ತಿ, ಹೊರಗಡೆ ದಪ್ಪಗೆ ಟಾರು ಬಳಿದಳು. "ಅವ್ವ ಚೀಲದ ಚರ್ಮಕ್ಕೆ ಬಳಿಯೋದು, ಒಳಗಿನ ನೀರಿಗಲ್ಲ, ಅಲ್ವಾ? ಹಂಗೆ."

ಕೋಡ್ ಅಳಿಯಿತು. ಮತ್ತೆ ಮೂಡಲಿಲ್ಲ. ಯಂತ್ರ ಗುಡುಗಿ ಕೈ ಎತ್ತಿತು. ಬಕೆಟ್ ಮಣ್ಣಿಗೆ ಇಳಿಯಿತು, ಬಗೆಯಿತು, ಎತ್ತಿ ಚೆಲ್ಲಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಕಾಲುವೆ ನೀರನ್ನು ಕೂಡಿತು. ಕೆಸರು ನೀರಿನ ಒಂದು ನಾಲಿಗೆ ಅಂಜುತ್ತ ಹೊರಟು, ಅಗಲವಾಗಿ, ತನ್ನ ಹಳೆಯ ಪಾತ್ರಕ್ಕೆ ಧುಮುಕಿತು. ಹಿಂದಿನ ಕೆರೆ ಏರುವುದನ್ನು ನಿಲ್ಲಿಸಿತು. ನಂತರ ಇಳಿಯತೊಡಗಿತು.

ಮರುದಿನ, ಕಾವಲಿಗೆ ಬೇರೆಯವರು ಬಂದ ಮೇಲೆ, ಮೂವರೂ ಕಮರಿಯ ಮೇಲಂಚಿನ ಸುತ್ತುಬಳಸಿನ ಕುರಿದಾರಿ ಹಿಡಿದು ತಿಜ್ಗಿಗೆ ಇಳಿದರು. ಕೆಳಗೆ ಹೊಳೆ ಮತ್ತೆ ಮೊರೆಯುತ್ತಿತ್ತು. ಊರಿನವರು ಕುರಿಗಳನ್ನು ಹಟ್ಟಿಗೆ ಕೂಡುತ್ತಿದ್ದರು. ಜಾಯಿದನ ಅವ್ವ ಹಳದಿ ಡಬ್ಬಿ ಹಿಡಿದು ಬಂದಳು. ಹೊಳೆ ಅದನ್ನು ಅವಳ ತೋಟದ ಬೇಲಿಗೆ ತಂದು ಸಿಕ್ಕಿಸಿತ್ತು.

"ಇದಿಲ್ದೆ ಕಷ್ಟ ಆಯ್ತೇನಮ್ಮಾ?"

"ಇದ್ದಿದ್ರೆ ಮೊದ್ಲು ಇದನ್ನೇ ಹಾಕ್ತಿದ್ದೆ. ಆಮೇಲೆ ಹೊಸದೂ ಕೆಟ್ಟಿದೆ ಅಂತ ಬೈತಾ ಕೂತಿರ್ತಿದ್ದೆ."

ಅವ್ವ ಬಾಗಿಲ ಪಕ್ಕದಲ್ಲಿ ತೂಗುತ್ತಿದ್ದ ಆಡಿನ ಚರ್ಮದ ಚೀಲದಿಂದ ಬಟ್ಟಲಿಗೆ ನೀರು ಬಗ್ಗಿಸಿ ಕೊಟ್ಟಳು. ಕತ್ರಾನಿನ ವಾಸನೆ ಮೂಗಿಗೆ ಹೊಡೆಯಿತು. ಈ ಸಲ ತೂದಾ ಮೂಗು ಮುಚ್ಚಲಿಲ್ಲ. ತಣ್ಣಗಿನ ನೀರನ್ನು ಪೂರ್ತಿ ಕುಡಿದು, ಖಾಲಿ ಬಟ್ಟಲನ್ನು ಮತ್ತೊಮ್ಮೆ ಚಾಚಿದಳು. ಹನಿಯೂ ಸೋರದ ಆ ಚೀಲದ ಕೆಳಗಿನ ನೆಲ ಒಣಗಿತ್ತು.