ಮೇಜಿನ ನೆಪ

"ಹೆದರ್ಬೇಡ ಬಂಗಾರ. ನನ್ನ ಕಣ್ಣು ನೋಡು. ನಾನಿದೀನಲ್ಲ."

ಗಿಣಿಯ ಕಿವಿ ಬಿಸಿಯಾಯಿತು. ಹೆಡ್‌ಫೋನನ್ನು ಒಮ್ಮೆ ತೆಗೆದು ನೋಡಿ ಮತ್ತೆ ಹಾಕಿಕೊಂಡಳು. ಅವಳು ಹೇಳಿದ್ದು ಇಷ್ಟೇ: "ಸರ್, ಕ್ಷಮಿಸಿ, ನಿಮ್ಮ ಆರ್ಡರ್ ಕ್ಯಾನ್ಸಲ್ ಮಾಡಬೇಕಾಗಿದೆ." ಈ ಮಾತಿಗೆ ಬೆಳಗಿನಿಂದ ಜನ ಬೈದಿದ್ದರು, ಶಾಪ ಹಾಕಿದ್ದರು, ಒಬ್ಬಾಕೆ ಅತ್ತೂ ಇದ್ದಳು. ಬಂಗಾರ ಅಂದವರು ಯಾರೂ ಇರಲಿಲ್ಲ.

"ಸರ್... ಏನಂದ್ರಿ?"

"ಅಯ್ಯೋ, ನಿಮಗಲ್ಲ ಮೇಡಂ! ಬೆಕ್ಕಿಗೆ. ಇಂಜೆಕ್ಷನ್ ಕೊಡ್ತಾ ಇದ್ದೆ. ನಾನು ಪ್ರಾಣಿಗಳ ಡಾಕ್ಟರು." ಆ ಕಡೆ ಬೆಕ್ಕೊಂದು ಮನೆ ಹಾರಿಹೋಗುವಂತೆ ಕಿರುಚಿತು. "ಆಯ್ತು, ಆಯ್ತು, ಮುಗೀತು. ಹಾಂ, ನೀವು ಹೇಳಿ. ಏನೋ ಕ್ಷಮಿಸಿ ಅಂದ್ರಿ."

ಕ್ಷಮಿಸಿ ಅನ್ನುವುದೇ ಗಿಣಿಯ ಕೆಲಸ. ಪೀಠೋಪಕರಣ ಮಾರುವ ಆನ್‌ಲೈನ್ ಅಂಗಡಿಯ ಕಸ್ಟಮರ್ ಕೇರ್‌ನಲ್ಲಿ ಅವಳಷ್ಟು ಮುದ್ದಾಗಿ ಕ್ಷಮೆ ಕೇಳುವವರು ಇನ್ನೊಬ್ಬರಿರಲಿಲ್ಲ. ದಿನವಿಡೀ ಹೇಳಿಕೊಟ್ಟದ್ದನ್ನೇ ಇಂಪಾಗಿ ಹೇಳುತ್ತಾಳೆ ಅಂತ ಆಫೀಸಿನವರು ಇಟ್ಟ ಹೆಸರು ಗಿಣಿ.

ಅವತ್ತಿನ ಕ್ಷಮೆಗೆ ಕಾರಣ ಪಕ್ಕದ ಸೀಟಿನ ಗೆಳತಿ. ದಪ್ಪ ಗಾಜಿನ ಕನ್ನಡಕದವಳಾದ್ದರಿಂದ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದೇ ಕನ್ನಡಕ ಅಂತ. ಊಟದ ಮೇಜಿನ ಮೇಲೆ ಶೇಕಡಾ ಹತ್ತು ರಿಯಾಯಿತಿ ಹಾಕು ಅಂದರೆ, ಬೆಲೆಯ ಶೇಕಡಾ ಹತ್ತು ಕೊಟ್ಟರೆ ಸಾಕು ಅಂತ ಹಾಕಿಬಿಟ್ಟಿದ್ದಳು. ಆಫೀಸಿನವರು ಬಂದು ಬ್ಯಾಗ್ ಇಡುವಷ್ಟರಲ್ಲಿ ಆರ್ಡರ್‌ಗಳು ಇರುವೆ ಸಾಲಿನಂತೆ ಬಂದಿದ್ದವು. ಎಲ್ಲರಿಗೂ ಕಂಪ್ಯೂಟರು ತಾನೇ ತಾನಾಗಿ ಉತ್ತರ ಕಳಿಸಿತ್ತು: ನಿಮ್ಮ ಆರ್ಡರ್ ಖಚಿತವಾಗಿದೆ.

"ಎಲ್ಲರಿಗೂ ಫೋನ್ ಮಾಡಿ. ಸಕ್ಕರೆ ಸವರಿ ಹೇಳಿ. ದುಡ್ಡು ವಾಪಸ್, ಜೊತೆಗೊಂದು ಕೂಪನ್," ಅಂದಿದ್ದರು ಮ್ಯಾನೇಜರ್.

ಗಿಣಿ ಆ ಸಕ್ಕರೆಯನ್ನೇ ಡಾಕ್ಟರಿಗೂ ಸವರಿದಳು. ಅವರು ಪೂರ್ತಿ ಕೇಳಿಸಿಕೊಂಡರು.

"ತಪ್ಪಾಗಿದೆ ಅಂತೀರಿ. ಯಾರದ್ದು ತಪ್ಪು?"

"ನಮ್ಮದೇ ಸರ್."

"ಕ್ಯಾನ್ಸಲ್ ಆಗ್ತಿರೋದು ಯಾರದ್ದು?"

"...ನಿಮ್ಮದು ಸರ್."

"ನನಗ್ಯಾಕೋ ಗೊಂದಲ ಆಗ್ತಿದೆ ಮೇಡಂ. ಯೋಚನೆ ಮಾಡ್ತೀನಿ. ನಾಳೆ ಫೋನ್ ಮಾಡ್ತೀರಾ?"

ಫೋನ್ ಇಟ್ಟ ಮೇಲೆ ಗಿಣಿಗೂ ಗೊಂದಲವಾಯಿತು. ಅವಳು ತನ್ನ ಮಾತನ್ನು ಮತ್ತೊಮ್ಮೆ ಮನಸ್ಸಿನಲ್ಲೇ ಹೇಳಿಕೊಂಡು ನೋಡಿದಳು. ಹೇಳುವಾಗ ಸರಿಯಿದ್ದದ್ದು ಕೇಳಿಸಿಕೊಂಡಾಗ ಯಾಕೋ ಸರಿಯಿರಲಿಲ್ಲ.

ಮಾರನೆಯ ದಿನ ಅವಳೇ ಫೋನ್ ಮಾಡಿದಳು. ಕೆಲಸವೇ ಅದು, ಮಾಡಲೇಬೇಕು. ಆದರೆ ಡಯಲ್ ಮಾಡುವ ಮುಂಚೆ ಕೂದಲು ಸರಿಮಾಡಿಕೊಂಡದ್ದು ಯಾಕೆ ಅಂತ ಕನ್ನಡಕ ಕೇಳಿದಾಗ ಬೇಗ ಹೆಡ್‌ಫೋನ್ ಹಾಕಿಕೊಂಡುಬಿಟ್ಟಳು.

"ನಮ್ಮಪ್ಪನ ಮದುವೆ ಮೇಡಂ," ಅಂದರು ಡಾಕ್ಟರು.

"ಅಪ್ಪ ಮಾಡಿಸ್ತಿರೋ ಮದುವೆನಾ ಸರ್?"

"ಮಾಡ್ಕೊಳ್ತಿರೋ ಮದುವೆ."

ಅಮ್ಮ ಹೋಗಿ ವರ್ಷಗಳಾಗಿದ್ದವು. ರೈಲಿನಲ್ಲಿ ಗಾರ್ಡ್ ಆಗಿದ್ದ ಅಪ್ಪ ರಿಟೈರ್ ಆಗಿ, ಪಾರ್ಕಿನಲ್ಲಿ ವಾಕಿಂಗ್ ಮಾಡುತ್ತ ಮಾಡುತ್ತ ಒಬ್ಬ ಟೀಚರಮ್ಮನ ಜೊತೆ ಹೆಜ್ಜೆ ಹೊಂದಿಸಿಕೊಂಡಿದ್ದರು. ಮಗ ಮುಖ ಗಂಟು ಹಾಕಿಕೊಂಡು ತಿಂಗಳುಗಟ್ಟಲೆ ಮಾತು ಬಿಟ್ಟಿದ್ದ. ಹಿಂದಿನ ದಿನ ಬೆಳಿಗ್ಗೆ ಎಂಟು ಕುರ್ಚಿಯ ಮೇಜು ಕಣ್ಣಿಗೆ ಬಿತ್ತು. ಖಚಿತವಾಗಿದೆ ಅಂತ ಉತ್ತರವೂ ಬಂತು. ಅದೇ ಗಳಿಗೆಯಲ್ಲಿ ಅಪ್ಪನಿಗೆ ಫೋನ್ ಮಾಡಿದ: ಮದುವೆ ಊಟ ನಮ್ಮನೇಲಿ, ಎರಡೂ ಮನೆಯವರು ಬನ್ನಿ, ಎಲ್ಲರೂ ಒಟ್ಟಿಗೆ ಕೂರೋಣ, ದೊಡ್ಡ ಮೇಜು ತರಿಸಿದೀನಿ.

"ಅಪ್ಪ ಮೂಗು ಸೊರ್ ಅಂತ ಎಳ್ಕೊಂಡ್ರು."

ಗಿಣಿ ಮೆಲ್ಲಗೆ ಕೇಳಿದಳು, "ಅಷ್ಟು ಕಮ್ಮಿ ಬೆಲೆ ನೋಡಿ ನಿಮಗೆ ಅನುಮಾನ ಬರ್ಲಿಲ್ವಾ ಸರ್?"

"ಬಂತು. ಸುಳ್ಳು ಯಾಕೆ ಹೇಳ್ಲಿ? ಆದ್ರೆ ಖಚಿತ ಅಂತ ನೀವೇ ಬರೆದ್ರಲ್ಲ, ಅನುಮಾನ ಬಿಟ್ಟೆ. ನಿಮ್ಮ ಮಾತು ನಂಬಿ ನಾನೊಂದು ಮಾತು ಕೊಟ್ಟೆ. ನಿಮ್ಮ ಮಾತನ್ನ ನೀವು ವಾಪಸ್ ತಗೋಬಹುದು ಮೇಡಂ. ನನ್ನದನ್ನ ನಾನು ಹೇಗೆ ತಗೊಳ್ಲಿ?"

"ಮೇಲಿನವರ ಹತ್ರ ಕೇಳಿ ಹೇಳ್ತೀನಿ," ಅಂದಳು ಗಿಣಿ.

ಹಾಗೆ ಶುರುವಾದದ್ದು ನಿಲ್ಲಲಿಲ್ಲ. ಮೇಲಿನವರು ಏನೂ ಹೇಳಿಲ್ಲ ಅಂತ ತಿಳಿಸಲು ಅವಳು ಫೋನ್ ಮಾಡುತ್ತಿದ್ದಳು. ಏನಾದರೂ ಹೇಳಿದರಾ ಅಂತ ಕೇಳಲು ಅವರು ಮಾಡುತ್ತಿದ್ದರು. ನಡುವೆ ಒಂದು ನಾಯಿ ಬಿಸ್ಕತ್ತಿನ ಜೊತೆ ಕವರನ್ನೂ ನುಂಗಿದ ಕಥೆ, ಮೊಲವೊಂದಕ್ಕೆ ಹಲ್ಲುನೋವು ಬಂದ ಕಥೆ. ಆಫೀಸಿನಲ್ಲಿ ತನ್ನ ಹೆಸರು ಗಿಣಿ ಅಂತ ಅವಳೂ ಬಾಯಿಬಿಟ್ಟಳು.

"ಗಿಣಿಗೆ ಹುಷಾರು ತಪ್ಪಿದ್ರೆ ನನಗೆ ಹೇಳಿ. ನಾನು ಗಿಣಿಗಳ ಸ್ಪೆಷಲಿಸ್ಟು."

"ಎಷ್ಟು ಗಿಣಿ ನೋಡಿದೀರಿ ಸರ್ ಇಲ್ಲಿ ತನಕ?"

"ಒಂದನ್ನೂ ನೋಡಿಲ್ಲ. ದನಿ ಕೇಳಿದೀನಿ ಅಷ್ಟೆ."

ಮನೆಯಲ್ಲಿ ಅವಳನ್ನು ಸಾಕಿದ ಚಿಕ್ಕಮ್ಮನಿಗೆ ಇದರ ವಾಸನೆ ಬೇಗ ಹತ್ತಿತು. ಗಿಣಿ ಬಟ್ಟೆ ಮಡಚುತ್ತಿದ್ದಾಗ ಕೇಳಿದಳು, "ಅಲ್ವೇ, ಅವನು ಕೇಳ್ತಿರೋದು ಮೇಜನ್ನೋ ನಿನ್ನನ್ನೋ?"

"ಮೇಜನ್ನೇ ಚಿಕ್ಕಮ್ಮ. ಇನ್ನೇನು?"

"ಮತ್ಯಾಕೆ ನನ್ನ ಲಂಗ ನಿನ್ನ ಬಟ್ಟೆ ಜೊತೆ ಮಡಚಿಟ್ಟೆ?"

ಮೇಜನ್ನೋ ತನ್ನನ್ನೋ ಅನ್ನುವುದೇ ಗಿಣಿಯನ್ನು ಕೊರೆಯುತ್ತಿದ್ದ ಪ್ರಶ್ನೆ. ಮೇಜು ಬೇಕಾದವರು ಮೇಜಿನ ಹುಡುಗಿಯ ಜೊತೆ ಸಿಹಿಯಾಗಿ ಮಾತಾಡುವುದು ಲೋಕಾರೂಢಿ. ಸಿಹಿ ಮಾತಿನಿಂದಲೇ ಸಂಬಳ ತಿನ್ನುವ ತನಗೆ ಅಷ್ಟೂ ತಿಳಿಯದೆ? ಆದರೂ ಅವರ ಸಿಹಿಯಲ್ಲಿ ತನ್ನ ಸಿಹಿಯಂಥ ಅಂಟು ಇರಲಿಲ್ಲ.

ಒಂದು ಮಧ್ಯಾಹ್ನ ಅವರು ಆಫೀಸಿಗೇ ಬಂದುಬಿಟ್ಟರು.

ರಿಸೆಪ್ಷನ್ನಿನಲ್ಲಿ ಗಿಣಿ ಯಾರಿಗೋ ದಾರಿ ಹೇಳುತ್ತಿದ್ದಳು. ಮಾತು ಮುಗಿಸಿ ತಿರುಗಿದರೆ ಎತ್ತರದ ಒಬ್ಬ ಯುವಕ ಅವಳನ್ನೇ ನೋಡುತ್ತ ನಿಂತಿದ್ದ. ಕಪ್ಪು ಶರ್ಟಿನ ತುಂಬ ಬಿಳಿ ರೋಮ. ಕಣ್ಣಲ್ಲಿ ನಗು ಮೊದಲು ಬಂತು, ತುಟಿಗೆ ತಡವಾಗಿ ಇಳಿಯಿತು. ಅವಳು ನೋಟ ತಗ್ಗಿಸಿ ಅವನ ಬೂಟು ನೋಡಿದಳು. ಬೂಟಿನ ಲೇಸನ್ನು ಯಾವುದೋ ನಾಯಿ ಅಗಿದಿತ್ತು. ಮತ್ತೆ ಮೇಲೆ ನೋಡಿದಾಗ ಅವನ ಕಣ್ಣು ಅಲ್ಲೇ ಇದ್ದವು.

"ದನಿ ಇದೇ," ಅಂದ.

"ಕಂಪ್ಲೇಂಟ್ ಕೊಡೋಕೆ ಬಂದ್ರಾ?"

"ಹಾಗಂದ್ಕೊಂಡೇ ಹೊರಟೆ. ಇಲ್ಲಿ ಬಂದ ಮೇಲೆ ಯಾಕೆ ಬಂದೆ ಅಂತಾನೇ ಮರೆತುಹೋಗಿದೆ."

ಮೆಷಿನ್ನಿನ ಚಹಾ ಹಿಡಿದು ಇಬ್ಬರೂ ಕಿಟಕಿಯ ಹತ್ತಿರ ನಿಂತರು. ಅವಳು ಕಪ್ ಕೊಡುವಾಗ ಬೆರಳಿಗೆ ಬೆರಳು ತಾಗಿತು. ಚಹಾ ಸ್ವಲ್ಪ ತುಳುಕಿತು. ಇಬ್ಬರೂ ಒಟ್ಟಿಗೆ "ಸಾರಿ" ಅಂದರು. ಆ ಮೆತ್ತಗಾದ ಗಳಿಗೆಯಲ್ಲೇ ಗಿಣಿ ಮನಸ್ಸಿನ ಭಾರ ಇಳಿಸಿದಳು. "ನಿಮ್ಮ ಮಾತು ನ್ಯಾಯ ಅಂತ ನನಗೂ ಅನ್ಸುತ್ತೆ. ಆದ್ರೆ ಮೇಜುಗಳನ್ನ ಕೊಟ್ರೆ ಆ ನಷ್ಟಕ್ಕೆಲ್ಲ ಬೆಲೆ ತಪ್ಪು ಹಾಕಿದ ನನ್ನ ಗೆಳತೀನೇ ಹೊಣೆ ಅಂತಿದಾರೆ. ಅವಳ ಕೆಲಸ ಹೋಗುತ್ತೆ. ಯಾವುದು ಸರಿ ಅಂತ ನನಗೆ ನಿಜವಾಗ್ಲೂ ಗೊತ್ತಾಗ್ತಿಲ್ಲ."

ಅವಳು ತೋರಿಸಿದ ಕಡೆ, ಗಾಜಿನ ಆಚೆ, ಕನ್ನಡಕ ತಲೆ ತಗ್ಗಿಸಿ ಕೂತಿದ್ದಳು. ಅವನು ಬಹಳ ಹೊತ್ತು ಅತ್ತಲೇ ನೋಡಿದ. ಚಹಾ ಮುಗಿಸಲಿಲ್ಲ.

"ಬರೋ ಭಾನುವಾರ ಊಟ," ಅಂದ ಹೊರಡುವಾಗ. "ಮೇಜು ಬಂದ್ರೂ ಬರದಿದ್ರೂ ನೀವು ಬನ್ನಿ. ಕ್ಲಿನಿಕ್ಕಿನ ಮೇಲೇನೇ ಮನೆ."

ಮನಸಾರೆ ಕರೆದನೋ, ಬಾಯಿಮಾತಿಗೆ ಕರೆದನೋ? ಗಿಣಿ ಆ ವಾಕ್ಯವನ್ನು ಬಸ್ಸಿನಲ್ಲಿ, ಹಾಸಿಗೆಯಲ್ಲಿ, ಹಲ್ಲುಜ್ಜುವಾಗ ತಿರುಗಿಸಿ ತಿರುಗಿಸಿ ನೋಡಿದಳು. ಒಂದು ಸಲ ಹಾಗೆ ಕಂಡರೆ ಇನ್ನೊಂದು ಸಲ ಹೀಗೆ.

ಮರುದಿನ ಅವಳು ಮ್ಯಾನೇಜರ್ ಕೋಣೆಗೆ ಹೋದಳು. "ಸರ್, ಮಾರೋಕೆ ಅಂತ ಇಪ್ಪತ್ತು ಮೂವತ್ತು ಮೇಜು ಬುಕ್ ಮಾಡಿದವ್ರಿಗೆ ಕೊಡಬೇಡಿ. ಅವ್ರು ಗೊತ್ತಿದ್ದೇ ಗಾಳ ಹಾಕಿದ್ದು. ಮನೆಗೆ ಅಂತ ಒಂದು ತಗೊಂಡವ್ರಿಗೆ ಕೊಟ್ಟುಬಿಡೋಣ. ಖಚಿತ ಅಂತ ಹೇಳಿದ್ದು ನಾವು."

"ಆ ನಷ್ಟ?"

"ಕಂಪನೀದೇ. ಅವಳು ಒಂದು ತಪ್ಪು ಒತ್ತಿದ್ಳು, ನಿಜ. ಅದನ್ನ ಇನ್ನೊಬ್ರು ನೋಡಬೇಕು ಅನ್ನೋ ವ್ಯವಸ್ಥೆ ನಮ್ಮಲ್ಲಿ ಇರಲೇ ಇಲ್ವಲ್ಲ ಸರ್. ಅವಳೊಬ್ಬಳ ಕುತ್ತಿಗೆಗೆ ಯಾಕೆ ಕಟ್ಟಬೇಕು?"

ಮ್ಯಾನೇಜರ್ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಯಾವ ಗ್ರಾಹಕ ನಿನ್ನ ತಲೆ ಕೆಡಿಸಿದ್ದು?"

ಗಿಣಿಯ ಮುಖ ಟೊಮೇಟೊ ಆಯಿತು. ತಾನು ನ್ಯಾಯಕ್ಕೆ ವಾದಿಸುತ್ತಿದ್ದೇನೋ, ಅಗಿದ ಲೇಸಿನ ಬೂಟಿಗೋ? ಅವಳಿಗೇ ಸ್ಪಷ್ಟವಿರಲಿಲ್ಲ. ಆದರೂ ಹಿಂದೆ ಸರಿಯಲಿಲ್ಲ.

ಮ್ಯಾನೇಜರ್ ಮೇಲಿನವರಿಗೆ ಹೇಳಿದರು, ಮೇಲಿನವರು ಗೊಣಗಿದರು, ಕೊನೆಗೆ ಶುಕ್ರವಾರ ಒಪ್ಪಿದರು. ಮನೆಗೊಂದು ಮೇಜು ಅಂತ ತೀರ್ಮಾನವಾಯಿತು. ಕನ್ನಡಕದ ಕೆಲಸಕ್ಕೂ ಕುತ್ತಿಲ್ಲ. ಅವಳು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು. ಗಿಣಿ ರೆಕ್ಕೆ ಬಂದವಳಂತೆ ಫೋನ್ ಎತ್ತಿಕೊಂಡಳು.

"ಸರ್! ನಿಮ್ಮ ಮೇಜು ಬರ್ತಿದೆ!"

"ನಾನು ಮೊನ್ನೇನೇ ಕ್ಯಾನ್ಸಲ್ ಮಾಡ್ಬಿಟ್ಟೆನಲ್ಲ."

"ಏನು?... ನಿಮಗೆ ತಲೆ ನೆಟ್ಟಗಿದ್ಯಾ? ನಿಮಗೋಸ್ಕರ ನಾನು..." ಗಿಣಿ ನಾಲಿಗೆ ಕಚ್ಚಿಕೊಂಡಳು.

"ನಿಮ್ಮ ಗೆಳತಿ ಕೆಲಸ ಕಳೆದು ಬರೋ ಮೇಜು ಅಂದ್ಕೊಂಡೆ. ಅದರ ಮುಂದೆ ಕೂತ್ರೆ ನನಗೆ ಅನ್ನ ಇಳಿಯಲ್ಲ." ಅವನು ಮತ್ತೆ ಹೇಳಿದ, "ಇನ್ನೊಂದು ಕಾರಣಾನೂ ಇದೆ. ನಿಮ್ಮ ಫೋನ್ ಬಂದಾಗೆಲ್ಲ, ಇದು ಮೇಜಿನ ಫೋನೋ ನನಗೆ ಬಂದ ಫೋನೋ ಅಂತ ತಿಳೀದೆ ಒದ್ದಾಡಿದೀನಿ. ಈಗ ಮೇಜಿಲ್ಲ. ನೀವು ಫೋನ್ ಮಾಡೋ ಅಗತ್ಯ ಇಲ್ಲ. ಆದ್ರೂ ಮಾಡಿದ್ರೆ... ನನಗೆ ಗೊತ್ತಾಗುತ್ತೆ."

ಗಿಣಿಯ ಬೆನ್ನ ಹಿಂದೆ ಮ್ಯಾನೇಜರ್ ನಿಂತಿದ್ದರು. ಎಲ್ಲ ಕರೆಗಳೂ ರೆಕಾರ್ಡ್ ಆಗುತ್ತವೆ. ಹೇಳಬೇಕಾದ ನೂರು ಮಾತು ಒಟ್ಟಿಗೆ ಬಾಗಿಲಿಗೆ ನುಗ್ಗಿದವು. ಆ ನೂಕುನುಗ್ಗಲಿನಲ್ಲಿ ಹೊರಬಿದ್ದದ್ದು ವರ್ಷಗಟ್ಟಲೆಯ ಅಭ್ಯಾಸದ ಮಾತು.

"ಧನ್ಯವಾದ ಸರ್. ಬೇರೇನಾದ್ರೂ ಸಹಾಯ ಬೇಕಿತ್ತಾ?"

"...ಇಲ್ಲ ಮೇಡಂ. ಅಷ್ಟೇ."

ಲೈನ್ ಕಟ್ಟಾಯಿತು. ಗಿಣಿ ತನ್ನ ಹಣೆಯನ್ನು ಕೀಬೋರ್ಡಿಗೆ ಹಚ್ಚಿದಳು. ಪರದೆಯ ತುಂಬ ಅರ್ಥವಿಲ್ಲದ ಅಕ್ಷರಗಳು ಹರಿದವು.

ಶನಿವಾರವೆಲ್ಲ ಮೊಬೈಲ್ ಕೈಯಲ್ಲೇ ಇತ್ತು. ಫೋನ್ ಮಾಡಿ ಏನಂತ ಹೇಳುವುದು? ನಿನ್ನೆ ಆಡಿದ್ದು ನಾನಲ್ಲ, ನನ್ನ ಕೆಲಸ ಅಂತಲೇ? ಮಾಡದಿದ್ದರೆ ಮೇಜಿನ ಜೊತೆ ನಾನೂ ಮುಗಿದೆ ಅಂದುಕೊಳ್ಳುವುದಿಲ್ಲವೇ?

"ಹೋಗಿ ಬಾರೇ," ಅಂದಳು ಚಿಕ್ಕಮ್ಮ. "ನೀರಿಗಿಳಿಯದೆ ಆಳ ಗೊತ್ತಾಗುತ್ತಾ?"

ಭಾನುವಾರ ಮಧ್ಯಾಹ್ನ ಗಿಣಿ ಕ್ಲಿನಿಕ್ಕಿನ ಪಕ್ಕದ ಮೆಟ್ಟಿಲು ಹತ್ತಿದಳು. ಅರ್ಧಕ್ಕೆ ನಿಂತು ಇಳಿದಳು. ಮತ್ತೆ ಹತ್ತಿದಳು. ಬಾಗಿಲು ತೆರೆದೇ ಇತ್ತು.

ಹಾಲಿನಲ್ಲಿ ಉದ್ದಕ್ಕೆ ಒಂದು ಮೇಜು, ಅಥವಾ ಮೇಜಿನಂಥದ್ದು. ಎತ್ತರದ್ದೊಂದು, ಗಿಡ್ಡದ್ದೊಂದು, ನಡುವೆ ಪಕ್ಕದ ಮನೆಯವರದ್ದೊಂದು. ಎಲ್ಲವನ್ನೂ ಜೋಡಿಸಿ ಮೇಲೆ ಬಿಳಿ ದುಪ್ಪಟಿ ಹಾಸಿದ್ದರು. ಒಂದು ತುದಿಯಲ್ಲಿದ್ದವರ ತಟ್ಟೆ ಗಲ್ಲಕ್ಕೆ ಬಂದರೆ, ಇನ್ನೊಂದು ತುದಿಯವರದ್ದು ಮೊಣಕಾಲಿಗೆ. ನಡುವೆ ಕೂತ ಟೀಚರಮ್ಮ ಜಾರುವ ಲೋಟ ಹಿಡಿದುಕೊಂಡು ನಗುತ್ತಿದ್ದರು. ಎರಡೂ ಮನೆಯವರು ಆ ನಗುವಿನಲ್ಲಿ ಸೇರಿದ್ದರು.

ಡಾಕ್ಟರ್ ಕೈಯಲ್ಲಿ ಸೌಟು ಹಿಡಿದು ಬಂದವನು ಅವಳನ್ನು ಕಂಡು ನಿಂತೇಬಿಟ್ಟ. ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿದ್ದುದೂ ಅವನಿಗೆ ಗೊತ್ತಾಗಲಿಲ್ಲ.

"ಯಾರಮ್ಮ ನೀನು?" ಮದುಮಗನಾದ ಅಪ್ಪ ಕೇಳಿದರು. "ನಮ್ಮ ಕಡೆಯವಳಾ, ಇವರ ಕಡೆಯವಳಾ?"

ಎಲ್ಲರೂ ತಿರುಗಿ ನೋಡಿದರು. ಗಿಣಿ ಏನಂತ ಹೇಳಿಕೊಳ್ಳಬೇಕು? ಕಸ್ಟಮರ್ ಕೇರ್ ಅನ್ನುವುದೇ?

"ನನ್ನ ಕಡೆ ಅಪ್ಪ," ಅಂದ ಅವನು. ಅಂದ ಮೇಲೆ ಅವನಿಗೇ ಗಾಬರಿಯಾಯಿತು. ಅವಳು ಅಲ್ಲ ಅನ್ನುತ್ತಾಳೇನೋ ಅಂತ ನೋಡಿದ.

ಅವಳು ಅನ್ನಲಿಲ್ಲ.

"ಹಾಗಾದ್ರೆ ನಿಂತಿರೋದ್ಯಾಕೆ? ನೀರು ತಗೊಂಡು ಬನ್ನಿ ಇಬ್ರೂ," ಅಂದರು ಅಪ್ಪ.

ಅಡುಗೆಮನೆಯಲ್ಲಿ ಖಾಲಿ ಜಗ್ಗು ಸಿಕ್ಕಿತು. ಅವನು ಪಿಸುಗುಟ್ಟಿದ, "ಆ ಎತ್ತರದ ಮೇಜಿದ್ಯಲ್ಲ, ಅದು ಕ್ಲಿನಿಕ್ಕಿಂದು. ನಿನ್ನೆ ತನಕ ಅದರ ಮೇಲೆ ನಾಯಿ ಮಲಗ್ತಿತ್ತು. ಮೂರು ಸಲ ತಿಕ್ಕಿದೀನಿ. ಯಾರಿಗೂ ಹೇಳ್ಬೇಡಿ."

ಗಿಣಿಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಅವನು ಗಾಬರಿಯಿಂದ ಹತ್ತಿರ ಬಂದ. ಅವನ ಕೆನ್ನೆಯ ಮೇಲೆ ಒಂದು ಚೂರು ಹಿಟ್ಟು ಅಂಟಿತ್ತು. ಅವಳು ಯೋಚಿಸದೆ ಕೈ ಚಾಚಿ ಒರೆಸಿದಳು. ಕೈ ಅಲ್ಲೇ ನಿಂತಿತು.

"ಶುಕ್ರವಾರ ನಾನು ಹೇಳ್ಬೇಕಂತಿದ್ದದ್ದು ಅದಲ್ಲ," ಅಂದಳು.

"ಏನು ಹೇಳ್ಬೇಕಂತಿದ್ರಿ?"

"ಗೊತ್ತಿದೆ. ಬಾಯಿಗೆ ಬರ್ತಿಲ್ಲ." ಉಸಿರೆಳೆದುಕೊಂಡಳು. "ಮೊದಲನೇ ದಿನದ ಆ ಒಂದು ಫೋನ್ ಮಾತ್ರ ಮೇಜಿಗೆ ಮಾಡಿದ್ದು. ಆಮೇಲಿಂದೆಲ್ಲ ನಿಮಗೆ. ನೀವಂದ್ರೆ ನನಗೆ... ಇಷ್ಟ. ತುಂಬ."

ಅವನು ಅವಳ ಕೈಯನ್ನು ತನ್ನ ಕೆನ್ನೆಯ ಮೇಲೇ ಒತ್ತಿ ಹಿಡಿದ. "ನನಗೆ ಆ ಮೊದಲನೇದರಿಂದಾನೇ," ಅಂದ. "ಬೆಕ್ಕು ಸಾಕ್ಷಿ."

"ಏನ್ರೋ!" ಹಾಲಿನಿಂದ ಅಪ್ಪನ ಕೂಗು. "ನೀರು ತನ್ನಿ ಅಂದ್ರೆ ಬಾವಿ ತೋಡ್ತಿದೀರಾ?"

ಹಾಲಿನಲ್ಲಿ ನಗೆ ಎದ್ದಿತು. ಇಬ್ಬರೂ ಗಡಬಡಿಸಿ ಹೊರಗೆ ಬಂದರು. ಗಿಣಿ ಟೀಚರಮ್ಮನ ಲೋಟಕ್ಕೆ ಜಗ್ಗು ಬಗ್ಗಿಸಿದಳು. ಇನ್ನಷ್ಟು ಬಗ್ಗಿಸಿದಳು. ಒಂದು ಹನಿಯೂ ಬೀಳಲಿಲ್ಲ.