ಗಂಗಾದೇವಿಯ ವನ್ಸ್ ಮೋರ್

"ಆ ಡಬ್ಬೀನ ಕೆಳಗಿಡು ತಾಯಿ. ಅದ್ರಾಗಿನ ಬಣ್ಣ ಮಕಕ್ಕೆ ಅಚ್ಕೊಂಡು ಪದ ಯೋಳ್ದೋಳು ರಂಗದಿಂದ ಇಳಿಯಾಕಿಲ್ಲ."

ಯಲಹಂಕದ ಹಳೆಯ ಬೀದಿಯ ತಗ್ಗು ಮನೆಯಲ್ಲಿ ರಾಮಲಕ್ಷ್ಮಮ್ಮ ಹೀಗೆಂದಾಗ ಪ್ರತಿಭಾಗೆ ನಗು ತಡೆಯಲಾಗಲಿಲ್ಲ. ಸೀರಿಯಲ್ಲುಗಳಲ್ಲಿ ನಾದಿನಿಯಾಗಿ, ಓರಗಿತ್ತಿಯಾಗಿ, ಬಾಗಿಲ ಮರೆಯಲ್ಲಿ ನಿಂತು ಕದ್ದು ಕೇಳುವವಳಾಗಿ ಸವೆದ ಮುಖ ಅವಳದು. ಈಗ ಮೊದಲ ಸಲ ಸಿನಿಮಾದಲ್ಲಿ ನಾಯಕಿ. ಕಂಪನಿ ನಾಟಕಗಳಲ್ಲಿ ಹಾಡಿ ಮೆರೆದು, ಮಾತಾಡುವ ಚಿತ್ರಗಳು ಹೊಸದಾಗಿ ಬಂದ ಕಾಲಕ್ಕೆ ಎರಡರಲ್ಲಿ ನಟಿಸಿ, ಚಿಕ್ಕ ವಯಸ್ಸಿಗೇ ತೀರಿಕೊಂಡ ಗಂಗಾದೇವಿಯ ಪಾತ್ರ. ಆ ಗಂಗಾದೇವಿಯ ತಂಗಿಯ ಮಗಳು ಈ ಅಜ್ಜಿ. ಸೀರೆ, ಗೆಜ್ಜೆ, ಫೋಟೊ ಎಲ್ಲವನ್ನೂ ಚಿತ್ರತಂಡಕ್ಕೆ ಕೊಟ್ಟಿದ್ದರು. ಬಣ್ಣದ ಡಬ್ಬಿಯೊಂದನ್ನು ಮಾತ್ರ ಕೊಡಲೊಲ್ಲರು.

"ಇಳಿಯೋಕಾಗಲ್ಲ ಅಂದ್ರೆ ಏನಜ್ಜಿ, ಕಾಲಿಗೆ ಗೋಂದು ಹಾಕಿರ್ತಾರಾ?"

"ವನ್ಸ್ ಮೋರ್ ಬೀಳ್ತದೆ."

ಹಾಡು ಮೆಚ್ಚಿದ ಜನ ವನ್ಸ್ ಮೋರ್ ಎಂದು ಕೂಗುವುದು, ನಟಿ ಮತ್ತೆ ಮೊದಲಿನಿಂದ ಹಾಡುವುದು ಕಂಪನಿ ನಾಟಕದ ರೂಢಿ. ಕೂಗು ಬಿದ್ದ ಮೇಲೆ ಹಾಡದೆ ಒಳಗೆ ಹೋಗುವಂತಿರಲಿಲ್ಲ.

"ಅದಕ್ಕಿಂತ ಪುಣ್ಯ ಬೇಕಾ ಅಜ್ಜಿ? ನಮಗೆ ಒಂದು ಲೈಕ್ ಬೀಳೋದೇ ಕಷ್ಟ!"

ಅಜ್ಜಿ ನಗಲಿಲ್ಲ. "ದೊಡ್ಡಮ್ಮ ಸಿನಿಮಾಕ್ಕೆ ಒಂಟ್ಲು ಅಂತ ಕಂಪನಿ ಯಜಮಾನ ಪಿಳ್ಳಣ್ಣಂಗೆ ಒಟ್ಟೆಕಿಚ್ಚು. ಕಡೇ ಆಟ ಆಡ್ಬುಟ್ಟು ಓಗು ಅಂತ ಕರ್ಸ್ದ. ಅವಳ ತಲೆಕೂದ್ಲು ಸುಟ್ಟು, ಸುಡುಗಾಡು ಬೂದಿ ಬೆರೆಸಿ, ಈ ಬಣ್ಣಕ್ಕೆ ಮಾಟ ಮಾಡಿಸ್ದ. ಜನ ಎಲ್ಲಾ ಎದ್ದೋದ್ರೂ ಖಾಲಿ ಕುರ್ಚಿಯಿಂದ ವನ್ಸ್ ಮೋರ್ ಬೀಳ್ತಾನೇ ಇತ್ತು. ಅವಳು ಯೋಳ್ತಾನೇ ಇದ್ಲು. ಗಂಟ್ಲಾಗೆ ರಕ್ತ ಬಂತು. ಈ ಬಣ್ಣ ಅಂಟ್ದೋರು ಇನ್ಯಾರಾನಾ ಆ ಪದ ಎತ್ಕೊಂಡಿದ್ರೆ ಅವಳು ಬದುಕೋಳು."

"ಯಾರೂ ಎತ್ಕೊಳ್ಳಲಿಲ್ವಾ?"

"ನಾನೊಬ್ಳು ಇದ್ದೆ, ಸಣ್ಣೋಳು. ರಂಗಕ್ಕೆ ಓಗೋಕೆ ಮುಂಚೆ ಮುತ್ತು ಕೊಟ್ಟಿದ್ಲು, ನನ್ನ ಕೆನ್ನೆ ಮ್ಯಾಲೂ ಬಣ್ಣ ಇತ್ತು. ನಮ್ಮವ್ವ ನನ್ನ ಬಾಯಿ ಗಟ್ಟಿಯಾಗಿ ಮುಚ್ಚಿ ಇಡ್ಕೊಂಡ್ಲು." ಅಜ್ಜಿ ಸೆರಗಿನಿಂದ ಕೆನ್ನೆ ಒರೆಸಿಕೊಂಡರು, ಇನ್ನೂ ಅಲ್ಲಿ ಏನೋ ಇದ್ದ ಹಾಗೆ.

ಅವರು ಕಾಫಿ ತರಲು ಒಳಗೆ ಹೋದರು. ಪ್ರತಿಭಾ ಡಬ್ಬಿಯನ್ನು ಮೆಲ್ಲಗೆ ಬ್ಯಾಗಿಗೆ ಸೇರಿಸಿದಳು. ಶೂಟಿಂಗ್ ಮುಗಿದ ಮೇಲೆ ತಂದಿಟ್ಟರಾಯಿತು, ಅಜ್ಜಿಗೆಲ್ಲಿ ಗೊತ್ತಾಗುತ್ತದೆ! ಕಳ್ಳತನಕ್ಕೆ ಕಲೆಯ ಹೆಸರು ಕೊಟ್ಟರೆ ಮನಸ್ಸು ಎಷ್ಟು ಬೇಗ ಒಪ್ಪಿಬಿಡುತ್ತದೆ.

ಗಂಗಾದೇವಿ ಕಡೇ ಆಟದಲ್ಲಿ ಹಾಡಿದ ಆ ಹಾಡಂತೂ ಅವಳಿಗೆ ಕರತಲಾಮಲಕವಾಗಿತ್ತು. ಕತ್ತಲಾದರೂ ಮನೆಗೆ ಬಾರದ ಮಗುವನ್ನು ತಾಯಿ ಕರೆಯುವ ಪದ. 'ದೀಪವಾರುವ ಮುನ್ನ ಬಾರೋ ಕಂದ, ಮನೆಯ ದಾರಿ ಮರೆತೆಯೇನೋ.' ಸಹಕಾರನಗರದ ಬಾಡಿಗೆ ಮನೆಯಲ್ಲಿ ಒಗ್ಗರಣೆ ಹಾಕುತ್ತಲೂ ಅದನ್ನೇ ಹಾಡಿ ಹಾಡಿ, ಒಂದನೇ ಕ್ಲಾಸಿನ ಮಗಳು ಸಿಂಚನಾಗೂ ಅದು ಬಾಯಿಪಾಠವಾಗಿಹೋಗಿತ್ತು.

ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ತಗಡಿನ ಗೋಡೆಗಳ ನಾಟಕದ ಡೇರೆ ಹಾಕಿದ್ದರು. ಜನರಿರುವ ಶಾಟ್‌ಗಳು ಬೆಳಿಗ್ಗೆಯೇ ಮುಗಿದಿದ್ದವು. ಮಧ್ಯಾಹ್ನ ಖಾಲಿ ಕುರ್ಚಿಗಳ ಮುಂದೆ ಹಾಡಿನ ಕ್ಲೋಸಪ್. ಮಾನಿಟರ್ ನೋಡಿದ ನಿರ್ದೇಶಕ ರವಿಕಿರಣ ಮುಖ ಹುಳ್ಳಗೆ ಮಾಡಿದ.

"ಮೇಡಂ, ಬೇಜಾರಾಗ್ಬೇಡಿ. ಸೀರಿಯಲ್ ಮುಖಾನೇ ಕಾಣ್ತಿದೆ."

ಆ ಮಾತು ಅವಳಿಗೆ ಚುರುಕ್ಕೆಂದಿತು. ಸೀದಾ ಮೇಕಪ್ ವ್ಯಾನಿಗೆ ಹೋಗಿ ಇದ್ದ ಬಣ್ಣವನ್ನೆಲ್ಲ ತೊಳೆದಳು. ಡಬ್ಬಿ ತೆರೆದಳು. ಒಳಗೆ ಅರದಾಳದ ಹಳದಿ ಬಣ್ಣ ಒಣಗಿ ಬಿರುಕು ಬಿಟ್ಟಿತ್ತು. ಒಂದು ಹನಿ ಕೊಬ್ಬರಿಎಣ್ಣೆ ಬಿದ್ದದ್ದೇ ತಡ, ಇವತ್ತೇ ಕಲಸಿದ್ದೇನೋ ಎಂಬಂತೆ ಮೆತ್ತಗಾಯಿತು. ಆರಿದ ಬತ್ತಿಯ ವಾಸನೆ. ಅದರಡಿಯಲ್ಲಿ ಇನ್ನೊಂದು, ಸುಟ್ಟ ಕೂದಲಿನ ಕಮಟು. ಹಚ್ಚಿಕೊಂಡಾಗ ಚರ್ಮ ತಣ್ಣಗಾಯಿತು. ಕನ್ನಡಿಯಲ್ಲಿದ್ದವಳು ಸೀರಿಯಲ್ಲಿನ ನಾದಿನಿಯಾಗಿರಲಿಲ್ಲ.

"ಆಹಾ, ಇದು ನೋಡಿ!" ಎಂದ ರವಿಕಿರಣ. ಯಲಹಂಕದ ವಾಯುನೆಲೆಯ ವಿಮಾನವೊಂದು ಗುಡುಗಿ ಮರೆಯಾಗುವವರೆಗೂ ಕಾದು, ಆಕ್ಷನ್ ಹೇಳಿದ.

ಅವಳು ಹಾಡಿದಳು. ತನ್ನ ಗಂಟಲಲ್ಲಿ ಇಷ್ಟು ದನಿ ಇದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಕೊನೆಗೆ ಅಭಿನಯದಂತೆ ಮಂಡಿಯೂರಿ, ಬಾರದ ಮಗುವಿಗಾಗಿ ಎರಡೂ ತೋಳು ಚಾಚಿದಳು. ಹಾಡು ಮುಗಿಯಿತು.

"ಕಟ್! ಸೂಪರ್ ಮೇಡಂ!"

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಎಲೆಅಡಿಕೆಯ ವಾಸನೆ ತೇಲಿಬಂತು.

"ವನ್ಸ್ ಮೋರ್."

ತಮಾಷೆ ಮಾಡಿದವರು ಯಾರೆಂದು ಪ್ರತಿಭಾ ನೋಡಿದಳು. ಕುರ್ಚಿಗಳು ಖಾಲಿ. ಬೇರೆ ಯಾರೂ ತಲೆಯೆತ್ತಿರಲಿಲ್ಲ. ಅಷ್ಟರಲ್ಲಿ ಅವಳ ಕಾಲುಗಳು ತಾವೇ ಎದ್ದು ನಿಂತವು, ಬಾಯಿ ತಾನೇ ತೆರೆಯಿತು. ಮೊದಲ ಸಾಲಿನಿಂದ ಹಾಡು ಶುರುವಾಯಿತು.

ಎರಡನೆಯ ಸಲಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಚಪ್ಪಾಳೆ ಕಡಿಮೆಯಾಯಿತು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಸಾಕು ಮೇಡಂ. ಮೇಡಂ? ಯಾರಾದ್ರೂ ನೀರು ತಗೊಂಡ್ಬನ್ರೋ!"

ಕಾಪಾಡಿ ಎನ್ನಲು ಹೋದಳು. 'ದೀಪವಾರುವ ಮುನ್ನ ಬಾರೋ' ಎಂದಿತು ಬಾಯಿ. ಓಡಲು ನೋಡಿದಳು. ಪಾದ ರಂಗದ ಹಲಗೆ ಬಿಡಲಿಲ್ಲ. ಇಬ್ಬರು ಬಂದು ತೋಳು ಹಿಡಿದೆಳೆದರು. ಹಲಗೆ ಕಿರುಗುಟ್ಟಿತೇ ಹೊರತು ಅವಳು ಕದಲಲಿಲ್ಲ. ಅವರು ಹೆದರಿ ಇಳಿದುಬಿಟ್ಟರು. ಗಾಳಿಗೆ ತಗಡು ದಡಬಡಿಸಿತು. ಕೂಗು ಈಗ ಒಂದು ಗಂಟಲಿನದಲ್ಲ. ಸಾಲು ಸಾಲಿನಿಂದ ಬರುತ್ತಿತ್ತು. ಹಾಡು. ಕೂಗು. ಹಾಡು. ನಾಲಿಗೆಗೆ ಉಪ್ಪು ತಾಗಿತು. ರಕ್ತ.

ಅಜ್ಜಿಯ ಮಾತೆಲ್ಲ ಈಗ ನೆನಪಾಯಿತು.

ಡೇರೆಯ ಬಾಗಿಲ ಪರದೆ ಸರಿಯಿತು. ಬೆಳಕಿನಲ್ಲಿ ಗಂಡ ಶರಣು ನಿಂತಿದ್ದ. ಅವನ ಕೈ ಹಿಡಿದು ಯೂನಿಫಾರ್ಮಿನಲ್ಲಿ ಸಿಂಚನಾ. ಶೂಟಿಂಗ್ ನೋಡಲು ಕರೆಸಿಕೊಳ್ಳುತ್ತೇನೆಂದು ಬೆಳಿಗ್ಗೆ ಮಗಳಿಗೆ ಮಾತು ಕೊಟ್ಟವಳು ಪ್ರತಿಭಾಳೇ.

ಕರಕೊಂಡು ಹೋಗು. ಇಲ್ಲಿಂದ ಕರಕೊಂಡು ಹೋಗು ಅವಳನ್ನ. ಎದೆಯೊಡೆಯುವಂತೆ ಕಿರುಚಿದಳು ಪ್ರತಿಭಾ. ಹೊರಗೆ ಬಂದದ್ದು 'ಬಾರೋ ಕಂದ.'

"ಯಾಕ್ರೀ, ಏನಾಗೇತಿ ಅಕೀಗೆ?" ಶರಣು ರವಿಕಿರಣನನ್ನು ಕೇಳಿದ.

"ಗೊತ್ತಾಗ್ತಿಲ್ಲ ಸರ್, ನಿಲ್ಲಿಸ್ತಾನೇ ಇಲ್ಲ. ಪಾಪೂನ ಹತ್ರ ಬಿಡಿ, ಮಗೂನ ನೋಡಿದ್ರೆ ಸರಿಹೋಗ್ಬಹುದು," ಎಂದ ರವಿಕಿರಣ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ, ಪಾಪ.

ಪುಟ್ಟ ಬೂಟುಗಳು ಮೆಟ್ಟಿಲು ಹತ್ತಿದವು. ಬೇಡ. ಮಂಡಿಗಳು ಮಡಚಿದವು. ಬೇಡ, ಪುಟ್ಟಾ. ತೋಳುಗಳು ಚಾಚಿಕೊಂಡವು. ಸಿಂಚನಾ ಓಡಿಬಂದು ಕೊರಳಿಗೆ ಜೋತುಬಿದ್ದಳು. ಕೆನ್ನೆಗೆ ಕೆನ್ನೆ ಒತ್ತಿದಳು.

"ಅವ್ವಾ, ನಿನ್ನ ಗಂಟಲ ಕೆಟ್ಟೈತಿ. ನಾ ಹಾಡ್ತೀನಿ, ನೀ ಸುಮ್ಮನಿರು."

ಮಗು ಹಾಡತೊಡಗಿತು.

ಪ್ರತಿಭಾಳ ಬಾಯಿ ನಿಂತಿತು. ಪಾದಗಳು ಹಗುರಾದವು. ಮೈಯೆಲ್ಲ ಬಿಡುಗಡೆಯಾಯಿತು, ಹಾಗೆ ಆದದ್ದಕ್ಕೆ ಅವಳಿಗೆ ತನ್ನ ಮೈಯ ಮೇಲೇ ಹೇಸಿಗೆಯಾಯಿತು. ಮಗಳ ಕೆನ್ನೆಯ ಮೇಲೆ ಹಳದಿ ಬಣ್ಣ ಅಂಟಿತ್ತು. ಸೆರಗಿನಿಂದ ಉಜ್ಜಿದಳು. ಹೋಗಲಿಲ್ಲ. ಎಂಜಲು ಹಚ್ಚಿ ಉಜ್ಜಿದಳು. ಹೋಗಲಿಲ್ಲ. ತನ್ನ ಮುಖದಲ್ಲಿ ಬಣ್ಣ ಇನ್ನೂ ಇದೆ, ಹಾಡನ್ನು ಹಿಂದಕ್ಕೆ ಎತ್ತಿಕೊಂಡರಾಯಿತು, ಸತ್ತರೂ ಚಿಂತೆಯಿಲ್ಲ ಎಂದು ಬಾಯಿ ತೆರೆದಳು. ಉಸಿರು ಬಂತು. ಅಷ್ಟೇ. ದನಿ ಒಂದಿಷ್ಟೂ ಉಳಿದಿರಲಿಲ್ಲ.

ಕೆಳಗೆ ನಿಂತ ಜನ ನಿಟ್ಟುಸಿರುಬಿಟ್ಟು ಚಪ್ಪಾಳೆ ತಟ್ಟಿದರು.

ಪ್ರತಿಭಾ ಮಗಳ ಬಾಯಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಮುಚ್ಚಿದಳು.

"ಏ, ಎಷ್ಟ ಚಂದ ಹಾಡಾಕತ್ತೇತಿ ಕೂಸು," ಶರಣು ಕಣ್ಣೊರೆಸಿಕೊಂಡು ನಕ್ಕ, "ಬಾಯಿ ಯಾಕ ಮುಚ್ಚತಿ?"

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಕೂಗು ಬಿತ್ತು. ಅವಳ ಅಂಗೈಯ ಕೆಳಗೆ ಪುಟ್ಟ ತುಟಿಗಳು ಮತ್ತೆ ಮೊದಲ ಸಾಲಿಗೆ ಹೋದವು.