ಗಡಿಬಿಡಿ ಹಾಕಿದ ಗುಂಡಿಗಳು

"ಕೈ ತೆಗಿ ತಾತ, ನಾನು ಹಾಕ್ತೀನಿ!"

"ಇರೇ, ಇನ್ನೊಂದ್ಸಲ ನೋಡ್ತೀನಿ. ಈಗ ಅರ್ಧ ಒಳಗೆ ಹೋಗಿತ್ತು."

"ಅರ್ಧ ಹೋಗಿ ಏನುಪಯೋಗ? ಟೈಮ್ ನೋಡು!"

ತಾತನ ಬಲಗೈಯನ್ನು ಬದಿಗೆ ಸರಿಸಿ, ಅವಳು ಅಂಗಿಯ ಗುಂಡಿಗಳನ್ನು ಮೇಲಿನಿಂದ ಕೆಳಗೆ ಪಟಪಟನೆ ಹಾಕಿ ಮುಗಿಸಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಆಗಿತ್ತು. ಮನೆಯಲ್ಲಿ ಅವಳನ್ನು ಗಡಿಬಿಡಿ ಅಂತ ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಹಲ್ಲುಜ್ಜುತ್ತಲೇ ಸಾಕ್ಸ್ ಹುಡುಕುವವಳು ಅವಳು. ಆ ಹೆಸರಿಟ್ಟವನೇ ತಾತ.

"ಅಮ್ಮ ಕೇಳಿದ್ರೆ ನೀನೇ ಹಾಕ್ಕೊಂಡೆ ಅನ್ನು. ಆಯ್ತಾ?"

ತಾತ ಗುಂಡಿಗಳನ್ನು ನೋಡಿದ, ಅವಳ ಕೈಯಲ್ಲಿದ್ದ ಸ್ಕಿಪ್ಪಿಂಗ್ ಹಗ್ಗವನ್ನು ನೋಡಿದ. "ಓಡು ಓಡು, ಲೇಟಾಗತ್ತೆ" ಎಂದ.

ಅವಳು ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಓಡಿದಳು.

ತಾತ ಕ್ಷೌರಿಕ. ಬೀದಿಯ ತಿರುವಿನಲ್ಲಿ ಎರಡು ಕುರ್ಚಿಯ ಪುಟ್ಟ ಅಂಗಡಿ. ಒಂದು ಕುರ್ಚಿ ತಾತನದು, ಇನ್ನೊಂದು ಪಾಲುದಾರನದು. ಪಾಲುದಾರನನ್ನು ಅವಳು ಮಾವ ಅನ್ನುತ್ತಿದ್ದಳು. ಒಂದು ದಿನ ಯಾರದೋ ಕೂದಲು ಕತ್ತರಿಸುತ್ತಿದ್ದಾಗ ತಾತನ ಕೈಯಿಂದ ಕತ್ತರಿ ಜಾರಿ ಬಿತ್ತು, ಹಿಂದೆಯೇ ತಾತನೂ ಬಿದ್ದ. ಆಸ್ಪತ್ರೆಯಲ್ಲಿ ಅದಕ್ಕೆ ಸ್ಟ್ರೋಕ್ ಅಂದರು. ಮನೆಗೆ ಬರುವಷ್ಟರಲ್ಲಿ ಮಾತು ಸರಿಹೋಗಿತ್ತು, ನಡಿಗೆಯೂ ಬಂದಿತ್ತು. ಬಲಗೈ ಮಾತ್ರ ಮುನಿಸಿಕೊಂಡ ಮಗುವಿನ ಹಾಗೆ ತೊಡೆಯ ಮೇಲೆ ಕೂತುಬಿಟ್ಟಿತ್ತು.

ಮಾವ ತಾತನ ಕುರ್ಚಿಗೆ ಬಿಳಿ ಬಟ್ಟೆ ಹೊದಿಸಿಟ್ಟ. "ಸ್ಕೂಲ್ ರಜೆ ಶುರುವಾಗೋವರೆಗೂ ಇದು ಯಾರಿಗೂ ಇಲ್ಲ. ಅಷ್ಟರಲ್ಲಿ ನೀವು ಬಾಚಣಿಗೆ ಹಿಡಿದ್ರೆ ಸಾಕು, ಕತ್ತರಿ ಆಮೇಲೆ ನೋಡೋಣ. ಅದಕ್ಕಿಂತ ಹೆಚ್ಚು ದಿನ ಖಾಲಿ ಇಟ್ರೆ ಅಂಗಡಿ ನಡೆಯಲ್ಲ" ಎಂದಿದ್ದ.

ತಾತನ ಕೈಗೆ ವ್ಯಾಯಾಮ ಹೇಳಿಕೊಡಲು ತಿಂಗಳಿಗೊಮ್ಮೆ ಮನೆಗೆ ಬರುವ ಫಿಸಿಯೋ ಆಂಟಿ ಮೊದಲ ದಿನವೇ ಗಡಿಬಿಡಿಯನ್ನು ಕರೆದು ಕೂರಿಸಿಕೊಂಡಿದ್ದರು.

"ನೋಡು ಪುಟ್ಟಿ, ತಾತನ ಕೈಗೆ ಏನೂ ಆಗಿಲ್ಲ. ಮೆದುಳಿಂದ ಕೈಗೆ ಸುದ್ದಿ ಹೋಗೋ ದಾರಿ ಹಾಳಾಗಿದೆ. ಮೆದುಳು ಈಗ ಬೇರೆ ದಾರಿ ಮಾಡ್ಕೋಬೇಕು. ನಿಮ್ಮ ಸ್ಕೂಲ್ ಮೈದಾನದಲ್ಲಿ ಹುಲ್ಲಿನ ಮಧ್ಯೆ ಕಾಲುದಾರಿ ಇದೆಯಾ?"

"ಇದೆ. ಗೇಟಿಂದ ನಲ್ಲಿವರೆಗೆ."

"ಅದನ್ನ ಯಾರು ಮಾಡಿದ್ರು?"

"ಯಾರೂ ಇಲ್ಲ. ನಾವೆಲ್ಲ ನಡೆದೂ ನಡೆದೂ ಆಗಿದ್ದು."

"ಇದೂ ಹಾಗೇ. ತಾತ ಒಂದ್ಸಲ ಗುಂಡಿ ಹಾಕೋಕೆ ನೋಡಿದ್ರೆ ಒಂದ್ಸಲ ಆ ದಾರೀಲಿ ನಡೆದ ಹಾಗೆ. ಗುಂಡಿ ಒಳಗೆ ಹೋಗದಿದ್ರೂ ನಡೆದ ಲೆಕ್ಕವೇ. ಈ ಮೊದಲ ತಿಂಗಳುಗಳಲ್ಲಿ ಮೆದುಳು ಬೇಗ ಕಲಿಯತ್ತೆ. ಆಮೇಲೂ ಕಲಿಯತ್ತೆ, ಆದ್ರೆ ತುಂಬಾ ನಿಧಾನ."

ಅಮ್ಮ ಬೇಕರಿ ಕೆಲಸಕ್ಕೆ ಬೇಗ ಹೊರಡುತ್ತಿದ್ದಳು. ಹಾಗಾಗಿ ಬೆಳಗಿನ ಡ್ಯೂಟಿ ಗಡಿಬಿಡಿಗೆ ಬಿತ್ತು. ತಾತನಿಗೆ ಅಂಗಿ ಕೊಡುವುದು, ಎದುರು ಸ್ಟೂಲಿನ ಮೇಲೆ ಕೂರುವುದು, ಸಹಾಯ ಮಾಡದೆ ಇರುವುದು. ಇಷ್ಟೇ.

ಮೊದಮೊದಲು ಅವಳು ಕೂತಳು, ನಿಜ. ತಾತನ ಹೆಬ್ಬೆರಳು ನಡುಗುತ್ತಾ ಗುಂಡಿಯ ಅಂಚು ಹುಡುಕುವುದನ್ನು ನೋಡುತ್ತಿದ್ದಳು. ಒಂದು ಗುಂಡಿ ಕಾಜಾದೊಳಗೆ ಹೋದ ದಿನ ಇಬ್ಬರೂ ಕೂಗಿದ ಕೂಗಿಗೆ ಪಕ್ಕದ ಮನೆಯವರು ಬಾಗಿಲು ತಟ್ಟಿದ್ದರು.

ಆಮೇಲೆ ಶಾಲೆಯಲ್ಲಿ ಸ್ಕಿಪ್ಪಿಂಗ್ ಟೀಮ್ ಬಂತು. ಒಂದೇ ಜಿಗಿತಕ್ಕೆ ಹಗ್ಗ ಕಾಲಡಿಯಲ್ಲಿ ಎರಡು ಸಲ ಹಾದುಹೋಗಬೇಕು. ಅದಕ್ಕೆ ಡಬಲ್ ಅನ್ನುತ್ತಿದ್ದರು. ಪ್ರಾಕ್ಟೀಸ್ ಬೆಳಿಗ್ಗೆ, ಬೆಲ್ಲಿಗೆ ಮುಂಚೆ. ತಾತನ ಬೆರಳುಗಳೋ, ಯಾರ ಬೆಲ್ಲಿಗೂ ಅವಸರಪಡುವವಲ್ಲ.

"ಇವತ್ತೊಂದಿನ" ಅಂತ ಶುರುವಾಗಿದ್ದು ದಿನಾ ಆಯಿತು. ಸಂಜೆ ಅಮ್ಮ "ತಾತನೇ ಹಾಕ್ಕೊಂಡ್ರಾ?" ಅಂದರೆ ಗಡಿಬಿಡಿ "ಹೂಂ" ಅನ್ನುತ್ತಿದ್ದಳು. ಆ ಹೂಂ ಕೂಡ ಬರಬರುತ್ತಾ ಸಲೀಸಾಯಿತು.

ರಜೆಗೆ ಇನ್ನೊಂದು ವಾರ ಇದೆ ಅನ್ನುವಾಗ, ಶುಕ್ರವಾರ, ಟೀಮಿನ ಹೆಸರುಗಳನ್ನು ಓದಿದರು. ಗಡಿಬಿಡಿಯ ಹೆಸರೂ ಇತ್ತು!

ಪಿ.ಟಿ. ಮಿಸ್ ನಕ್ಕು, "ಮೊದಲು ನಿನ್ನ ಹಗ್ಗ ನಿನ್ನ ಕಾಲಿಗೇ ಬಾರಿಸ್ತಿತ್ತು. ಎಷ್ಟು ಸಲ ಎಡವಿದೆ! ಎಡವಿದ್ದು ಒಂದೂ ವೇಸ್ಟ್ ಆಗಲಿಲ್ಲ ನೋಡು. ಈಗ ನೀನು ಯೋಚನೇನೇ ಮಾಡಲ್ಲ, ಕಾಲು ತಾನಾಗೇ ಹಾರತ್ತೆ" ಎಂದರು.

ಅವಳು ಮನೆಯವರೆಗೂ ಹಾರುತ್ತಲೇ ಬಂದಳು.

ಶನಿವಾರ ಫಿಸಿಯೋ ಆಂಟಿ ಬಂದರು. ಮೇಜಿನ ಮೇಲೆ ತಾತನದೇ ಕಪ್ಪು ಬಾಚಣಿಗೆ ಇಟ್ಟು, "ಎತ್ತಿ ನೋಡೋಣ" ಅಂದರು.

ತಾತನ ಬೆರಳುಗಳು ಬಾಚಣಿಗೆಯವರೆಗೆ ಹೋದವು. ಅದನ್ನು ತಳ್ಳಿದವು. ಬಾಚಣಿಗೆ ಮೇಜಿನ ಅಂಚಿಗೆ ಜಾರಿ ನೆಲಕ್ಕೆ ಬಿತ್ತು. ಮತ್ತೆ ಇಟ್ಟರು, ಮತ್ತೆ ಬಿತ್ತು.

ಆಂಟಿಯ ಮುಖ ಸಪ್ಪಗಾಯಿತು. "ಹೋದ ಸಲ ಇದಕ್ಕಿಂತ ಚೆನ್ನಾಗಿತ್ತಲ್ಲ? ಗುಂಡಿ ದಿನಾ ನೀವೇ ಹಾಕ್ಕೋತಿದ್ದೀರಾ?"

ಗಡಿಬಿಡಿ ನೆಲ ನೋಡಿದಳು.

"ನಾನೇ ಸೋಮಾರಿ" ಅಂದ ತಾತ. "ಪಾಪ, ಮಗು ದಿನಾ ಅಂಗಿ ಕೊಟ್ಟು ಕಾಯತ್ತೆ. ನಾನೇ ಸುಮ್ಮನೆ ಕೂತುಬಿಡ್ತೀನಿ."

"ಅಪ್ಪಾ!" ಎಂದಳು ಅಮ್ಮ. "ಅಷ್ಟು ಹೇಳಿದ್ರೂ ಅರ್ಥ ಆಗಲ್ವಾ ನಿಮಗೆ?"

ತಾತ ಬೈಸಿಕೊಂಡ. ಹೇಳಬೇಕು, ಹೇಳಬೇಕು ಅಂತ ಗಡಿಬಿಡಿ ಬಾಯಿ ತೆರೆಯುವಷ್ಟರಲ್ಲಿ ಆಂಟಿ ಚಪ್ಪಲಿ ಹಾಕಿಕೊಳ್ಳುತ್ತಿದ್ದರು.

ಭಾನುವಾರ ಬೆಳಿಗ್ಗೆ ತಾತ ಅಂಗಡಿಗೆ ಹೊರಟ. ಜೊತೆಗೆ ಗಡಿಬಿಡಿ. ತಾತನ ಕುರ್ಚಿಯ ಮೇಲೆ ಬಿಳಿ ಬಟ್ಟೆ ಇರಲಿಲ್ಲ. ಒಬ್ಬ ಗಿರಾಕಿ ಕೂತಿದ್ದ, ಹೊಸಬನೊಬ್ಬ ಅವನ ಕೂದಲು ಕತ್ತರಿಸುತ್ತಿದ್ದ.

ಮಾವ ಗಡಬಡಿಸಿ ಹೊರಗೆ ಬಂದ. "ನಿನ್ನೆ ಫೋನಿನಲ್ಲಿ ನೀವೇ ಹೇಳಿದ್ರಲ್ಲ, ಅದಕ್ಕೆ..."

"ಹೌದಪ್ಪ, ನಾನೇ ಹೇಳಿದ್ದು. ಕುರ್ಚಿ ಖಾಲಿ ಇರಬಾರದು" ಎಂದ ತಾತ. ಹೊಸಬನ ಕೈಯನ್ನೇ ಸ್ವಲ್ಪ ಹೊತ್ತು ನೋಡಿದ. "ಚೆನ್ನಾಗಿ ಕತ್ತರಿಸ್ತಾನೆ. ಕಿವಿ ಹತ್ತಿರ ಇನ್ನೊಂಚೂರು ನಿಧಾನ ಮಾಡು ಅಂತ ಹೇಳು."

ವಾಪಸ್ ಬರುವಾಗ ತಾತ ನಿಧಾನವಾಗಿ ನಡೆದ. ಗಡಿಬಿಡಿ ಅವನ ಬಲಗೈ ಹಿಡಿದುಕೊಂಡಿದ್ದಳು. ಅದು ಹಿಡಿತ ಬಿಗಿ ಮಾಡಲಿಲ್ಲ.

"ತಾತ, ನೀನ್ಯಾಕೆ ಸುಳ್ಳು ಹೇಳಿದೆ?"

"ಯಾವ ಸುಳ್ಳು? ನಂಗೂ ಅದು ಸುಲಭ ಆಗಿತ್ತು ಕಣೇ. ನೀನು ಪಟಪಟ ಅಂತ ಹಾಕೋದು ನೋಡೋಕೆ ಚೆನ್ನಾಗಿತ್ತು. ನಿನ್ನ ಹಗ್ಗದಾಟ ಯಾಕೆ ತಪ್ಪಬೇಕು ಅನ್ನಿಸ್ತು."

ಅವಳಿಗೆ ಪಿ.ಟಿ. ಮಿಸ್ ಹೇಳಿದ್ದು ನೆನಪಾಯಿತು. ಅವಳು ಎಡವಿದ್ದು ಒಂದೂ ವೇಸ್ಟ್ ಆಗಿರಲಿಲ್ಲ. ತಾತನಿಗೂ ಎಡವುವುದಿತ್ತು, ದಿನಾ, ಅಂಗಿಯ ಒಂದೊಂದು ಗುಂಡಿಗೂ. ಅದನ್ನೆಲ್ಲ ಅವಳೇ ಕಿತ್ತುಕೊಂಡಿದ್ದಳು.

"ನಾನೇ, ನಾನೇ ಹಾಕ್ಬಿಟ್ಟೆ ತಾತ. ಎಲ್ಲಾ ಗುಂಡೀನೂ." ಅವಳು ರಸ್ತೆಯಲ್ಲೇ ಅತ್ತಳು. ತಾತ ಎಡಗೈಯಿಂದ ಅವಳ ತಲೆ ಸವರಿದ.

ಸಂಜೆ ಅವಳು ಅಮ್ಮನಿಗೂ ಹೇಳಿದಳು. ಅಮ್ಮ ಬೈಯುತ್ತಾಳೆ ಅಂತ ಕಾದಳು. ಅಮ್ಮ ಬೈಯಲಿಲ್ಲ, ಒರೆಸಿದ ಪಾತ್ರೆಯನ್ನೇ ಮತ್ತೆ ಒರೆಸಿದಳು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಗಡಿಬಿಡಿಗೆ.

ಸೋಮವಾರ ಬೆಳಿಗ್ಗೆ ಅವಳು ತಾತನಿಗೆ ಅಂಗಿ ಕೊಟ್ಟು, ಹಗ್ಗವನ್ನು ಮೊಳೆಗೆ ಸಿಕ್ಕಿಸಿ, ಸ್ಟೂಲಿನ ಮೇಲೆ ಕೂತಳು.

"ಇವತ್ತು ಟೀಮಿನ ಪ್ರಾಕ್ಟೀಸ್ ಇಲ್ವಾ?"

"ಇದೆ. ನೀನು ಹಾಕ್ಕೋ."

ತಾತನ ಹೆಬ್ಬೆರಳು ಗುಂಡಿಯನ್ನು ಹುಡುಕಿತು. ಸಿಕ್ಕಿತು, ಜಾರಿತು. ಮತ್ತೆ ಸಿಕ್ಕಿತು, ಮತ್ತೆ ಜಾರಿತು. ಗಡಿಬಿಡಿಯ ಬೆರಳುಗಳು ತಾವಾಗೇ ಮುಂದೆ ಹೋದವು. ದಿನಾ ಮಾಡಿ ಮಾಡಿ ಅವಕ್ಕೆ ಅದೇ ಅಭ್ಯಾಸವಾಗಿತ್ತು. ಅವಳು ಎರಡೂ ಕೈಗಳನ್ನು ಎಳೆದುಕೊಂಡು ತೊಡೆಯ ಕೆಳಗೆ ಸೇರಿಸಿ ಅವುಗಳ ಮೇಲೆ ಕೂತಳು.

ತಾತನ ಹಣೆಯಲ್ಲಿ ಬೆವರು ಮೂಡಿತು. ಗುಂಡಿ ಅಡ್ಡಡ್ಡ ತಿರುಗಿ, ಅರ್ಧ ತೂರಿ, ಕೊನೆಗೆ ಕಾಜಾದೊಳಗೆ ಪೂರ್ತಿ ನುಗ್ಗಿತು. ಆದರೆ ಅದು ತಪ್ಪು ಕಾಜಾ, ಒಂದು ಕೆಳಗಿನದು. ಅಂಗಿ ಸೊಟ್ಟಗೆ ನಿಂತಿತು.

ಅವಳು ನೋಡಿದಳು. ಹೇಳಲಿಲ್ಲ.

ತಾತ ತಲೆ ಬಗ್ಗಿಸಿ ತಾನೇ ನೋಡಿಕೊಂಡ. "ಅಯ್ಯೋ ನನ್ನ ಕರ್ಮವೇ" ಅಂತ ನಕ್ಕು, ಅದನ್ನು ಬಿಚ್ಚಲು ಅದೇ ಬಲಗೈಯನ್ನು ಎತ್ತಿದ.

ದೂರದಲ್ಲಿ ಶಾಲೆಯ ಬೆಲ್ ಹೊಡೆಯಿತು. ತೊಡೆಯ ಕೆಳಗೆ ಅವಳ ಬೆರಳುಗಳು ಮಿಸುಕಾಡಿದವು. ಗಡಿಬಿಡಿ ಇನ್ನಷ್ಟು ಗಟ್ಟಿಯಾಗಿ ಅವುಗಳ ಮೇಲೆ ಕೂತಳು.

"ನಿಧಾನ ತಾತ" ಎಂದಳು.